ಆಷಾಢದಲ್ಲಿ ಬಿದ್ದ ಗೋಡೆ

ಹಲಸೂರಿನ ಹಳೇ ಮನೆ ಕೊಂಡು, ರಿಪೇರಿ ಮಾಡಿಸಿ ಬಾಡಿಗೆಗೆ ಬಿಡೋದರಲ್ಲಿ ನನ್ನನ್ನು ಮೀರಿಸೋರಿಲ್ಲ. ಗೋಡೆ ತಟ್ಟಿದರೆ ಸಾಕು, ಅದರ ಜಾತಕ ಹೇಳಿಬಿಡ್ತೀನಿ. ಆಷಾಢದಲ್ಲಿ ಯಾರೂ ಮನೆ ಬದಲಾಯಿಸೋಲ್ಲ, ಹಾಗಾಗಿ ಒಡೆಯೋ ಕೆಲಸವೆಲ್ಲ ನಾನು ಆಗಲೇ ಇಟ್ಟುಕೊಳ್ಳೋದು.

ಈ ಸಲ ಅಡುಗೆಮನೆ ದೊಡ್ಡದು ಮಾಡೋಣ ಅಂತ ಸುತ್ತಿಗೆಯನ್ನು ನಾನೇ ಹಿಡಿದೆ. ನನ್ನ ಏಟಿಗೆ ಗೋಡೆ ಉದುರಿಯೇ ಹೋಯಿತು. ಧೂಳು ಇಳಿದಾಗ ಎದುರಿಗೆ ಒಬ್ಬರು ಅಜ್ಜಿ, ಒಲೆ ಮೇಲೆ ಸಾರು, ಕೈಯಲ್ಲಿ ಸೌಟು. ಎರಡು ಮನೆಗೂ ಇದ್ದದ್ದು ಅದೊಂದೇ ಗೋಡೆ.

"ಸಂಜೆಯೊಳಗೆ ಕಟ್ಟಿಸಿಬಿಡ್ತೀನಮ್ಮ. ನಾಳೆ ಬ್ಯಾಂಕಿನವರು ಕೆಲಸ ನೋಡೋಕೆ ಬರ್ತಾರೆ. ಇದನ್ನ ನೋಡಿದ್ರೆ ಉಳಿದ ಸಾಲ ಕೊಡಲ್ಲ."

ಅಜ್ಜಿ ಸಾರು ಕಲಕುತ್ತಲೇ ಅಂದರು: "ಆಷಾಢದಲ್ಲಿ ನನ್ನ ಮನೆ ಗೋಡೆ ಏಳೋ ಹಾಗಿಲ್ಲಪ್ಪ. ಶ್ರಾವಣ ಬರ್ಲಿ."

"ಅಲ್ಲೀವರೆಗೂ?"

"ಒಂದು ಹಳೇ ಸೀರೆ ಕಟ್ಟು."

ಮರುದಿನ ಬ್ಯಾಂಕಿನ ಇಂಜಿನಿಯರ್ ಬಂದು ಸೀರೆ ಸರಿಸಿದ. ಆ ಕಡೆಯಿಂದ ಅಜ್ಜಿ ಕಾಫಿ ಲೋಟ ಚಾಚಿದರು. ಕುಡಿದು ಮುಗಿಸಿ, "ಗೋಡೆ ಬಂದ್ಮೇಲೆ ಫೋನ್ ಮಾಡಿ ಸಾರ್," ಅಂತ ಹೊರಟ.

ಈಗ ಶ್ರಾವಣಕ್ಕೆ ಕಾಯ್ತಿದ್ದೀನಿ. ಬಡ್ಡಿ ನಾನು ಕಟ್ತೀನಿ, ಸಾರು ಅಜ್ಜಿ ಕೊಡ್ತಾರೆ. ಉಪ್ಪು ಸ್ವಲ್ಪ ಕಮ್ಮಿ. ಹೇಳೋ ಧೈರ್ಯ ಇನ್ನೂ ಬಂದಿಲ್ಲ.