ಕೂಳೆ ಹೊಲದ ಕಡೆ ಇಳಿದಾಗ

ಬಂಗಾರಪೇಟೆಯಲ್ಲಿ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟುಕೊಂಡವನಿಗೆ ವಿಮಾನ ಓಡಿಸುವ ಹುಚ್ಚು ಯಾಕೆ ಎಂದು ಪೇಟೆಯವರೆಲ್ಲ ಕಾಲೆಳೆಯುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೆ ಮಾತ್ರ ಭಯ. ಹಾರುವುದಕ್ಕಲ್ಲ, ಇಳಿಯುವುದಕ್ಕೆ. ಆದರೂ ಪ್ರತಿ ಭಾನುವಾರ ಕಲಿಯಲು ಹೋಗುತ್ತಿದ್ದೆ.

ಆ ದಿನ ಊರಿಗಾಂ ಕಡೆಯ ಸೈನೈಡ್ ದಿಬ್ಬಗಳು, ಹಳೇ ಚಿನ್ನದ ಗಣಿಯ ಮಣ್ಣಿನ ಗುಡ್ಡೆಗಳು, ಕೆಳಗೆ ಬಲಗಡೆ ಕಾಣುತ್ತಿದ್ದಾಗ, ಪಕ್ಕದಲ್ಲಿ ಕೂತಿದ್ದ ಗುರುಗಳು ಸದ್ದಿಲ್ಲದೆ ಇಂಜಿನ್ನಿನ ವೇಗ ಪೂರ್ತಿ ತಗ್ಗಿಸಿದರು.

"ಇಂಜಿನ್ ಕೈಕೊಟ್ಟಿತು ಅಂದ್ಕೊಳ್ಳಿ. ಎಲ್ಲಿ ಇಳಿಸ್ತೀರಿ?"

ಬರೀ ಅಭ್ಯಾಸವೆಂದು ಗೊತ್ತಿತ್ತು. ಇಟ್ಟಿಗೆ ಗೂಡಿನ ಹೊಗೆ ನೋಡಿ ಗಾಳಿ ಯಾವ ಕಡೆಯದೆಂದು ತಿಳಿದುಕೊಂಡೆ. ಆಮೇಲೆ ಜಾಗ. ಕ್ಯಾಸಂಬಳ್ಳಿ ಸುತ್ತಲಿನ ಟೊಮೆಟೊ ತೋಟಗಳು ಮೇಲಿನಿಂದ ಮೆತ್ತಗೆ ಕಾಣುತ್ತವೆ, ಒಳಗೆಲ್ಲ ನೆಟ್ಟ ಕೋಲು, ಎಳೆದ ತಂತಿ. ಅವುಗಳ ನಡುವೆ ಕೊಯ್ಲಾದ ರಾಗಿ ಹೊಲವೊಂದು ಬೋಳಾಗಿ ಬಿದ್ದಿತ್ತು. ನಮ್ಮದೇ ಹೊಲ. ಅಲ್ಲಿ ಕಲ್ಲಿಲ್ಲ, ಕಂಬವಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಧೈರ್ಯವಾಗಿ ಅತ್ತ ತಿರುಗಿಸಿದೆ.

ತಗ್ಗಿಗೆ ಬಂದಂತೆ ಕೂಳೆಯಲ್ಲಿ ಮೇಯುತ್ತಿದ್ದ ಹಸು ಕಂಡಿತು. ಅದರ ಪಕ್ಕ ಕೆಂಪು ಸೀರೆ. ಅಮ್ಮ. ಹಣೆಗೆ ಕೈ ಅಡ್ಡ ಹಿಡಿದು ನನ್ನತ್ತಲೇ ನೋಡುತ್ತಿದ್ದಳು. ಹಸು ಹಗ್ಗ ಕಿತ್ತುಕೊಂಡು ಓಡಿತು. ಅವಳು ಕದಲಲಿಲ್ಲ.

"ಬೇರೆ ಹೊಲ ನೋಡ್ತೀನಿ ಸಾರ್."

"ಅಷ್ಟು ಎತ್ತರ ಎಲ್ಲಿ ಉಳಿದಿದೆ?" ಎಂದವರೇ ಗುರುಗಳು ವೇಗ ಕೊಟ್ಟು ವಿಮಾನವನ್ನು ಮೇಲಕ್ಕೆತ್ತಿದರು. "ನಿಜವಾಗಿ ಇಂಜಿನ್ ನಿಂತಿದ್ರೆ ಈ ದಾರಿ ಇರ್ತಿರಲಿಲ್ಲ. ಗೊತ್ತಿರೋ ಜಾಗ ಅಂತ ನಂಬಿಬಿಟ್ರಿ, ಸರಿಯಾಗಿ ನೋಡಲೇ ಇಲ್ಲ."

ಮರಳಿ ಹೋಗಿ ಇಳಿದೆವು. ಸಂಜೆ ನೇರ ಊರಿಗೆ ಹೋದೆ. ಅಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯಲು ಕೂತಿದ್ದಳು.

"ನೀನೇ ಅಲ್ವೇನ್ಲಾ ಇವತ್ತು ಒಲದ್ ಮೇಲೆ ಬಂದಿದ್ದು? ಅಸ ಬೆದ್ರಿ ಆಲೇ ಬಿಡ್ತಿಲ್ಲ."

"ನೀನ್ಯಾಕಮ್ಮ ಓಡ್ಲಿಲ್ಲ?"

"ಇಮಾನ ಕಂಡಾಗ್ಲೇ ನೀನು ಅನ್ಕಂಡೆ. ನನ್ ಮಗ ನನ್ ಮೇಲೆ ಬುಡ್ತಾನಾ ಅಂತ ನಿಂತ್ಕಂಡೆ."

ನನಗೆ ಸಿಟ್ಟು ಬಂತು, ಭಯಕ್ಕೇ ಬಂದ ಸಿಟ್ಟು. ಇಂಜಿನ್ ನಿಂತರೆ ಮಗನ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ, ವಿಮಾನ ತಗ್ಗಿಗೆ ಬರುವುದು ಕಂಡರೆ ಪಕ್ಕಕ್ಕೆ ಓಡಬೇಕು ಎಂದು ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡು ಕೆಚ್ಚಲಿಗೆ ನೀರು ಚಿಮುಕಿಸಿದಳು.

"ಆಯ್ತು ಕಣ್ಲಾ. ಬೇರೆಯೋರಾದ್ರೆ ಓಡ್ತೀನಿ."