ಮೀಟರ್ ಸಾಹೇಬರು ಮತ್ತು ಎಂಟರ ಫಿಲ್ಟರ್

ನಮ್ಮವರಿಗೆ ಕಸುಬಿನವರೆಲ್ಲ ಸೇರಿ ಇಟ್ಟ ಹೆಸರು ಮೀಟರ್ ಸಾಹೇಬರು. ಡ್ರೋನ್ ಹಾರಿಸಿ ವಿಡಿಯೊ ತೆಗೆಯುವುದು ಅವರ ಕೆಲಸ. ಅವರು ತಂದದ್ದನ್ನು ಒಳಕೋಣೆಯ ಕಂಪ್ಯೂಟರಿನಲ್ಲಿ ಕತ್ತರಿಸಿ, ಬಣ್ಣ ತಿದ್ದಿ, ಗಿರಾಕಿಯ ಕೈಗೆ ಕೊಡುವ ಹಾಗೆ ಮಾಡುವುದು ನನ್ನದು. ಹದಿನೇಳು ವರ್ಷದ ಸಂಸಾರದಲ್ಲಿ ನಾವು ಜಗಳ ಆಡಿದ್ದೆಲ್ಲ ಆ ಕೋಣೆಯಲ್ಲೇ.

ಡ್ರೋನಿನ ಕ್ಯಾಮೆರಾಕ್ಕೆ ಎನ್‌ಡಿ ಫಿಲ್ಟರ್ ಎಂಬ ಕಪ್ಪು ಗಾಜು ಹಾಕುತ್ತಾರೆ. ನಾವು ಕೂಲಿಂಗ್ ಗ್ಲಾಸ್ ಹಾಕಿಕೊಳ್ಳುವುದಿಲ್ಲವೇ, ಹಾಗೆ. ಷಟರ್ ಐವತ್ತರಲ್ಲಿ, ಅಂದರೆ ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ, ನಿಂತಿರಬೇಕು, ಇಲ್ಲದಿದ್ದರೆ ರಸ್ತೆಯಲ್ಲಿ ಹೋಗುವ ಬಸ್ಸು ಕಪ್ಪೆಯಂತೆ ಕುಪ್ಪಳಿಸುತ್ತದೆ. ಐವತ್ತರಲ್ಲಿ ನಿಲ್ಲಿಸಿದಿರೋ, ಬೆಳಕು ಸಿಕ್ಕಾಪಟ್ಟೆ ನುಗ್ಗುತ್ತದೆ. ಅದನ್ನು ತಡೆಯುವುದಕ್ಕೆ ಈ ಗಾಜು. ಅಂಕಿ ಹೆಚ್ಚಿದಷ್ಟೂ ಗಾಜು ಕಪ್ಪು: ಮೋಡವಿದ್ದರೆ ನಾಲ್ಕು, ಎಳೆಬಿಸಿಲಿಗೆ ಎಂಟು, ನೆತ್ತಿ ಸುಡುವ ಹೊತ್ತಿಗೆ ಮೂವತ್ತೆರಡು. ಡ್ರೋನ್ ಮೇಲೇರಿದ ಮೇಲೆ ಗಾಜು ಬದಲಿಸುವ ಹಾಗಿಲ್ಲ. ಮಿಕ್ಕವರು ಕೈಯಲ್ಲಿನ ರಿಮೋಟಿನ ಪರದೆಯ ಮೂಲೆಯಲ್ಲಿ ಬೆಳಕಿನ ಗ್ರಾಫ್ ಇಟ್ಟುಕೊಂಡು ನೋಡುತ್ತಾರೆ. ನಮ್ಮವರು ಅದನ್ನು ಆಫ್ ಮಾಡಿಟ್ಟಿರುತ್ತಿದ್ದರು. ಆಕಾಶವನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿ "ಹದಿನಾರು" ಎಂದರೆ ಹದಿನಾರೇ ಸರಿ. ಬೆಳಕಳೆಯುವ ಮೀಟರ್ ಎಂಬ ಹೆಸರು ಬಂದದ್ದು ಹಾಗೆ, ಜಂಬ ಬಂದದ್ದೂ ಹಾಗೆಯೇ.

ಕಳೆದ ವರ್ಷ ಅವರು ತರುವ ವಿಡಿಯೊ ಬೆಳ್ಳಗಾಗತೊಡಗಿತು. ಮೊದಮೊದಲು ಚೂರೇ ಚೂರು. ಬರಬರುತ್ತಾ ಮೋಡಗಳೆಲ್ಲ ಸುಣ್ಣ ಬಳಿದ ಹಾಗೆ.

"ಯಾವ ಫಿಲ್ಟರ್ ಹಾಕಿದ್ರಿ?" ಎಂದು ಕೇಳಿದೆ.

"ಎಂಟು. ಇವತ್ತು ಬೆಳಕು ಮಂಕಾಗಿತ್ತು."

"ಒಗೆದು ಹಾಕಿದ ಬಟ್ಟೆ ಅರ್ಧ ಗಂಟೇಲಿ ಒಣಗಿದೆ. ಮಂಕಂತೆ ಮಂಕು."

"ನೀನು ಬಟ್ಟೆ ನೋಡ್ಕೋ, ಬೆಳಕು ನಾನು ನೋಡ್ಕೋತೀನಿ."

ಮೈಯೆಲ್ಲ ಉರಿಯಿತು. ಇವರ ಹತ್ತಿರ ಯಾರು ಬಾಯಿ ನೋಯಿಸಿಕೊಳ್ಳಬೇಕು ಎಂದು ಸುಮ್ಮನೆ ತಿದ್ದಿಬಿಟ್ಟೆ. ನಿಜ ಹೇಳುತ್ತೇನೆ, ಸಿಟ್ಟು ಇಳಿದ ಮೇಲೂ ಹೇಳಲಿಲ್ಲ. ಕೆಲಸದಲ್ಲಿ ತಪ್ಪು ಹಿಡಿದರೆ ಇವರ ಮುಖ ಇಷ್ಟೇ ಇಷ್ಟಾಗುತ್ತದೆ. ಅದನ್ನು ನೋಡಲು ನನಗೆ ಮನಸ್ಸಿರಲಿಲ್ಲ. ವಯಸ್ಸಾಯಿತು, ಗಮನ ಸಡಿಲವಾಗಿದೆ ಎಂದುಕೊಂಡೆ. ಎಂಟು ತಿಂಗಳು ಅವರು ಕೆಡಿಸಿ ತಂದರು, ನಾನು ತೇಪೆ ಹಾಕಿದೆ. ಗಿರಾಕಿಗಳು ಭೇಷ್ ಎಂದರು, ಇವರು ಮೀಸೆ ತಿರುವಿದರು. ನಡುವೆ ಒಂದೆರಡು ಸಲ ಸ್ಟೂಲಿಗೆ ಎಡವಿ, "ಇದನ್ನ ಯಾಕೆ ಇಲ್ಲಿ ತಂದಿಟ್ಟೆ?" ಎಂದು ನನ್ನ ಮೇಲೆ ಹರಿಹಾಯ್ದರು. ಆ ಸ್ಟೂಲು ನಾವು ಈ ಮನೆಗೆ ಬಂದಾಗಿನಿಂದ ಅಲ್ಲೇ ಇದೆ. ನಾನು ನಕ್ಕೆ, ಮೂರ್ಖಳು.

ಆಮೇಲೆ ಬಂತು ಗಿರಣಿಯ ಕೆಲಸ. ಮುಚ್ಚಿಹೋದ ಬಟ್ಟೆ ಗಿರಣಿಯ ಎತ್ತರದ ಹೊಗೆಕೊಳವೆಗೆ ಮದ್ದಿಟ್ಟು ಬೀಳಿಸುವವರಿದ್ದರು. ಬೀಳುವುದು ಒಂದೇ ಸಲ, ತೆಗೆಯುವುದೂ ಒಂದೇ ಸಲ. ಫಿಲ್ಟರ್ ಡಬ್ಬಿ ಹಿಡಿದು ನಾನೂ ಹೋಗಿದ್ದೆ. ಬೆಳಿಗ್ಗೆ ಹನ್ನೊಂದು ಗಂಟೆ, ನೆಲ ಕಾದ ಹೆಂಚಾಗಿತ್ತು. ಅವರು ಆಕಾಶ ನೋಡಿ "ಎಂಟು ಕೊಡು" ಎಂದರು.

"ಮೂವತ್ತೆರಡು ಹಾಕೋಣ ರೀ."

"ನಾಲ್ಕು ಜನರ ಮುಂದೆ ನಂಗೆ ಪಾಠ ಹೇಳ್ಬೇಡ."

ಎಂಟನ್ನೇ ಕೊಟ್ಟೆ. ಡ್ರೋನ್ ಮೇಲೇರಿತು, ಸೈರನ್ ಕೂಗಿತು. ಪಕ್ಕದಿಂದ ಬಗ್ಗಿ ಪರದೆ ನೋಡಿದರೆ ಆಕಾಶವೂ ಇಲ್ಲ, ಗಿರಣಿಯ ಚಾವಣಿಯೂ ಇಲ್ಲ, ಬರೀ ಬಿಳುಪು. ಇಳಿಸಿ ಗಾಜು ಬದಲಿಸಲು ಹೊತ್ತಿರಲಿಲ್ಲ.

"ಷಟರ್ ವೇಗ ಆದ್ರೂ ಏರಿಸಿ, ಎಲ್ಲಾ ಬೆಳ್ಳಗಾಗಿದೆ."

"ಎಲ್ಲಿ ಬೆಳ್ಳಗಿದೆ? ಕತ್ತಲೆ ಇದೆ ಕಣೇ. ನಿಂಗೆ ಕಾಣ್ತಿಲ್ವಾ?" ಎನ್ನುತ್ತಾ ಅವರು ಚಿತ್ರವನ್ನು ಇನ್ನೂ ಬೆಳಗಿಸುವ ಐಎಸ್‌ಒ ಅನ್ನೇ ಏರಿಸಿದರು.

ತಪ್ಪು ಕೈಯದ್ದಲ್ಲ, ಗಮನದ್ದಲ್ಲ. ಎಂಟು ತಿಂಗಳಿಂದ ಇವರ ಕಣ್ಣೇ ಕತ್ತಲಾಗುತ್ತಿದೆ ಎಂದು ಆಗ ಹೊಳೆಯಿತು. ಹೊಗೆಕೊಳವೆ ಮಂಡಿಯೂರಿ ಬಿತ್ತು, ಜನ ಚಪ್ಪಾಳೆ ತಟ್ಟಿದರು. ವಿಡಿಯೊದಲ್ಲಿ ಬಿಳಿಯ ಮೇಲೆ ಬಿಳಿ ದೂಳು ಎದ್ದದ್ದು ಬಿಟ್ಟರೆ ಏನೂ ಇರಲಿಲ್ಲ. ಮೂರು ದಿನ ಕೂತು ತಿಣುಕಿದೆ. ಅಷ್ಟು ಸುಟ್ಟುಹೋದ ಮೇಲೆ ತಿದ್ದುವುದಕ್ಕೂ ಏನೂ ಉಳಿದಿರುವುದಿಲ್ಲ.

ಇವರು ಕ್ಯಾಮೆರಾ ಕೆಟ್ಟಿದೆ ಎಂದು ಅದನ್ನೇ ಬೈದರು. ನಾನು ಹೊಸ ಕನ್ನಡಕದ ನೆಪ ಹೇಳಿ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಆಕೆ ಅದೇನೇನೋ ಯಂತ್ರಕ್ಕೆ ಗಲ್ಲ ಕೊಡಿಸಿ, ಒಂದು ಗಂಟೆ ಪರೀಕ್ಷೆ ಮಾಡಿದರು.

"ಕಣ್ಣಿನ ಒತ್ತಡ ಹೆಚ್ಚಾಗಿ ನರ ಒಣಗಿದೆ. ಹೋಗಿರೋ ದೃಷ್ಟಿ ವಾಪಸ್ ಬರಲ್ಲ. ಇರೋದನ್ನ ಉಳಿಸೋಕೆ ಡ್ರಾಪ್ಸ್ ಬರ್ಕೊಡ್ತೀನಿ, ಆದ್ರೆ ಡ್ರೋನ್ ಇನ್ನು ಬೇಡ. ಏಳೆಂಟು ತಿಂಗಳ ಹಿಂದೆ ಬಂದಿದ್ರೆ ಬಹಳಷ್ಟು ಉಳಿಸ್ಬಹುದಿತ್ತು. ನಿಮ್ಮದು ಬೆಳಕು ನೋಡೋ ಕೆಲಸ ಅಲ್ವಾ? ವಿಡಿಯೊದಲ್ಲಿ ವ್ಯತ್ಯಾಸ ಗೊತ್ತಾಗ್ಲಿಲ್ವಾ?"

ನಮ್ಮವರು ತಲೆ ಅಲ್ಲಾಡಿಸಿದರು. "ಇಲ್ಲ ಡಾಕ್ಟ್ರೇ. ಆ ಗಿರಣಿದೊಂದು ಬಿಟ್ರೆ ಇಷ್ಟು ದಿನ ಒಂದೇ ಒಂದು ದೂರು ಬಂದಿಲ್ಲ. ಬೇಕಾದ್ರೆ ಇವಳನ್ನೇ ಕೇಳಿ, ಪ್ರತಿಯೊಂದನ್ನೂ ಮೊದಲು ನೋಡೋಳು ಇವಳೇ."

ಡಾಕ್ಟರು ನನ್ನ ಮುಖ ನೋಡಿದರು. ಅವರಿಗೆ ಗೊತ್ತಾಗಿಹೋಯಿತು. ಇವರಿಗೆ ಇನ್ನೂ ಗೊತ್ತಿಲ್ಲ. ದಿನಕ್ಕೆ ಎರಡು ಸಲ ಇವರ ಕಣ್ಣಿಗೆ ಡ್ರಾಪ್ಸ್ ಹಾಕುತ್ತೇನೆ, ಹೇಳುವ ಧೈರ್ಯ ಮಾತ್ರ ನನಗೆ ಬಂದಿಲ್ಲ.