ಮಾಸ್ಕ್ ಇಳಿಸಿ ಊದಿದ ನಾಜಲ್

ಮಾಸೂರಿನ ಕೆರೆಯ ಕಾಲುವೆ ಪಕ್ಕ, ನಮ್ಮ ಹೊಲದ ಬದುವಿನ ಮೇಲೆ ನಾನು ನಿಂತಿದ್ದೆ. ಕಳೆದ ಶ್ರಾವಣದ ಒಂದು ಸೋಮವಾರ, ಬೆಳಿಗ್ಗೆ ಎಂಟೂವರೆ. ಹತ್ತು ಹೆಜ್ಜೆ ಆಚೆ ಮಲ್ಲಪ್ಪ ಮಾಸ್ಕ್ ಹಾಕಿಕೊಂಡು ಕುಳಿತಿದ್ದ. ಇಪ್ಪತ್ತು ವರ್ಷ ಊರ ಹೊಲಗಳಿಗೆಲ್ಲ ಕೀಟನಾಶಕ ಹೊಡೆದವನು ಅವನು. ನಮ್ಮಲ್ಲಿ ಅದಕ್ಕೆ ಎಣ್ಣೆ ಎನ್ನುತ್ತೇವೆ. ಈಗ ಅವನಿಗೆ ರಕ್ತದ ಕ್ಯಾನ್ಸರ್. ಸೋಂಕು ತಗಲಬಾರದೆಂದು ಹುಬ್ಬಳ್ಳಿಯ ಡಾಕ್ಟರು ಮಾಸ್ಕ್ ಹಾಕಿಸಿದ್ದರು. ಅವನ ಬದಲು ಹೆಂಡತಿ ಶಾಂತವ್ವ ನಮ್ಮ ಹತ್ತಿಗೆ ಎಣ್ಣೆ ಹೊಡೆಯುತ್ತಿದ್ದಳು.

ಎಣ್ಣೆ ಪಂಪಿನ ತುದಿಯ ನಾಜಲ್‌ನಲ್ಲಿ ಕಸ ಕಟ್ಟಿಕೊಂಡಿತು. ಅವಳು ಬಿಚ್ಚಿ ತಂದು ಗಂಡನ ಕೈಗೆ ಕೊಟ್ಟಳು. “ಲಗೂನ ಊದಿ ಕೊಡ್ರಿ, ಬಿಸಲೇರಾಕತ್ತೈತಿ.”

ಮಲ್ಲಪ್ಪ ಮಾಸ್ಕನ್ನು ಗದ್ದದ ಕೆಳಗೆ ಇಳಿಸಿ, ನಾಜಲನ್ನು ತುಟಿಗಿಟ್ಟು ಮೂರು ಸಲ ಊದಿದ. ಉಗುಳಿದ. ಆಮೇಲೆ ಮಾಸ್ಕನ್ನು ಬಹಳ ಜೋಪಾನವಾಗಿ ಮೂಗಿನವರೆಗೆ ಏರಿಸಿಕೊಂಡ.

“ಅಲ್ಲೋ ಮಲ್ಲಪ್ಪ, ಎಣ್ಣಿ ನಾಜಲ್ ಬಾಯಾಗ ಇಡ್ತೀಯಲ್ಲೋ!” ಎಂದೆ.

ಅವನು ನಕ್ಕ. “ರೋಗ ರಗತಕ್ಕ ಬಂದೈತ್ರಿ ಗೌಡ್ರ, ಬಾಯಿಗೇನಾಗೈತಿ? ಡಾಕ್ಟರು ಧೂಳಿಗೆ ಹೋಗಬ್ಯಾಡ ಅಂದಾರ, ಎಣ್ಣಿ ಸುದ್ದಿ ತಗದಿಲ್ಲ.”

ನಾನು ಹತ್ತಿಯ ಕಡೆ ತಿರುಗಿ ನೋಡಿದೆ. ಇನ್ನೂ ನಾಲ್ಕು ಸಾಲು ಹೊಡೆಯುವುದು ಉಳಿದಿತ್ತು.

ರೋಗ ಎಣ್ಣೆಯಿಂದಲೇ ಬಂತೆಂದು ಯಾರೂ ಹೇಳಿಲ್ಲ, ಅಲ್ಲವೆಂದೂ ಹೇಳಿಲ್ಲ. ಮಲ್ಲಪ್ಪ ಸಂಕ್ರಾಂತಿ ಕಾಣಲಿಲ್ಲ. ಅವನು ನಾಜಲ್ ಊದಿದ್ದನ್ನು ನನ್ನೊಡನೆ ಕಂಡವಳು ಶಾಂತವ್ವ ಒಬ್ಬಳೇ. ಅವಳಿದ್ದಾಳೆ. ಈ ವರ್ಷ ಹತ್ತಿಗೆ ಹುಳು ಬಿದ್ದಾಗ ಎಣ್ಣೆ ಹೊಡೆಯಲು ನಾನು ಅವಳಿಗೇ ಹೇಳಿ ಕಳಿಸಿದೆ.